ವಾರಂಟಿ ರಿಪೇರಿಗೆ ಡೀಲರ್ ಒಪ್ಪುವಂತೆ ಮಾಡುವುದು ಹೇಗೆ

ಕಾರಿಗೆ ವಾರಂಟಿ ಕೊಟ್ಟಿರುವುದು ಅದನ್ನು ತಯಾರಿಸಿದ ಕಂಪನಿ. ರಿಪೇರಿ ಮಾಡುವುದು ಡೀಲರ್. ಕೌಂಟರಿನ ಮುಂದೆ ನಡೆಯುವ ಜಗಳಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಡೀಲರ್ ಮೊದಲು ತನ್ನ ಕೈಯಿಂದ ಬಿಡಿಭಾಗ ಹಾಕಿ, ತನ್ನ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು, ಆಮೇಲೆ ಕಂಪನಿಗೆ ಕ್ಲೇಮ್ ಕಳಿಸಿ ಹಣ ತರಿಸಿಕೊಳ್ಳಬೇಕು. ಯಾವ ಕೆಲಸಕ್ಕೆ ಎಷ್ಟು ಗಂಟೆಯ ಕೂಲಿ ಎಂಬುದನ್ನು ಕಂಪನಿ ಮೊದಲೇ ಗೊತ್ತುಮಾಡಿರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಲು ಇಷ್ಟು ಎಂದಿದ್ದರೆ ಅಷ್ಟೇ. ತೊಂದರೆ ಆಲ್ಟರ್ನೇಟರಿನಲ್ಲೇ ಇದೆ ಎಂದು ಕಂಡುಹಿಡಿಯಲು ಅರ್ಧ ದಿನ ಹೋದರೂ ಆ ಅರ್ಧ ದಿನಕ್ಕೆ ಪೂರ್ತಿ ಕೂಲಿ ಸಿಗುವುದು ಅಪರೂಪ. ಕ್ಲೇಮಿನ ಕಾಗದಗಳಲ್ಲಿ ಕೊರತೆ ಕಂಡರೆ ಕಂಪನಿ ಅದನ್ನು ತಿರಸ್ಕರಿಸುತ್ತದೆ. ಕೊಟ್ಟ ಹಣವನ್ನು ಮುಂದೆ ಆಡಿಟ್ ಸಮಯದಲ್ಲಿ ಹಿಂದಕ್ಕೆ ಪಡೆಯುವುದೂ ಉಂಟು.

ಹಾಗಾಗಿ ಸರ್ವಿಸ್ ಅಡ್ವೈಸರ್ "ಇದು ವಾರಂಟಿಗೆ ಬರಲ್ಲ ಸರ್" ಅಂದಾಗ, ಎಷ್ಟೋ ಸಲ ಅದರ ಅರ್ಥ "ಕಂಪನಿಗೆ ತೋರಿಸಲು ನನ್ನ ಹತ್ತಿರ ಆಧಾರ ಇಲ್ಲ" ಎಂದು. ಕೂಗಾಡಿದರೆ ಆಧಾರ ಹುಟ್ಟುವುದಿಲ್ಲ. ಕಂಪನಿ ತಳ್ಳಿಹಾಕಲಾಗದಂಥ ಕ್ಲೇಮನ್ನು ಡೀಲರ್ ಕೈಗೆ ಇಡಬೇಕು. ಅದನ್ನು ಕಟ್ಟುವ ಕೆಲಸ ಮಾತ್ರ ಹೆಚ್ಚಾಗಿ ನಿಮ್ಮ ಪಾಲಿಗೇ ಬರುತ್ತದೆ.

ಮೊದಲು ವಾರಂಟಿ ಪುಸ್ತಕ

ಕಾರಿನ ಜೊತೆ ಬಂದ ವಾರಂಟಿ ಪುಸ್ತಕವನ್ನು ಗ್ಲೋವ್ ಬಾಕ್ಸಿನಿಂದ ತೆಗೆದು, ಸರ್ವಿಸ್ ಸೆಂಟರಿಗೆ ಹೊರಡುವ ಮೊದಲೇ ಓದಿ. ವಾರಂಟಿ ಶುರುವಾಗುವುದು ಕಾರು ತಯಾರಾದ ದಿನದಿಂದಲ್ಲ, ಮೊದಲ ಮಾಲೀಕರಿಗೆ ಹಸ್ತಾಂತರವಾದ ಅಥವಾ ನೋಂದಣಿಯಾದ ದಿನದಿಂದ. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನು ತಪ್ಪಾಗಿ ಲೆಕ್ಕ ಹಾಕುವುದು ಹೆಚ್ಚು. ವರ್ಷ ಮತ್ತು ಕಿಲೋಮೀಟರ್ ಎರಡೂ ಬರೆದಿದ್ದರೆ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಚಾಸಿ ನಂಬರ್ ಕೊಟ್ಟರೆ ಯಾವುದೇ ಅಧಿಕೃತ ಡೀಲರ್ ಶುರುವಿನ ದಿನಾಂಕವನ್ನು ತಮ್ಮ ಕಂಪ್ಯೂಟರಿನಲ್ಲಿ ನೋಡಿ ಹೇಳಬಲ್ಲರು.

ಇಡೀ ಕಾರಿಗೆ ಒಂದೇ ವಾರಂಟಿ ಎಂದುಕೊಳ್ಳಬೇಡಿ. ಸಾಮಾನ್ಯ ವಾರಂಟಿ ಒಂದು. ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್‌ಗಳಿಗೆ ಕೆಲವು ಕಂಪನಿಗಳು ಅದಕ್ಕಿಂತ ಉದ್ದದ ಇನ್ನೊಂದು ಕೊಡುತ್ತವೆ. ತುಕ್ಕಿಗೆ ಬೇರೆ ಇರುತ್ತದೆ. ಅದು ಸಾಮಾನ್ಯವಾಗಿ ಒಳಗಿನಿಂದ ತಗಡು ತೂತು ಬಿದ್ದರೆ ಮಾತ್ರ, ಕಲ್ಲು ಬಡಿದು ಪೇಂಟ್ ಹೋದ ಜಾಗದಲ್ಲಿ ಹಿಡಿದ ತುಕ್ಕಿಗೆ ಅಲ್ಲ. ವಿದ್ಯುತ್ ಕಾರಿನ ಮುಖ್ಯ ಬ್ಯಾಟರಿಗೆ ಹಲವು ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ಕೊಟ್ಟು, ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಸರಿಪಡಿಸಿಕೊಡುವುದಾಗಿ ಬರೆಯುತ್ತವೆ. ಟೈರು ಮತ್ತು 12 ವೋಲ್ಟ್ ಬ್ಯಾಟರಿಯ ಹೊಣೆ ಎಷ್ಟೋ ಕಡೆ ಅವುಗಳನ್ನು ತಯಾರಿಸಿದವರದು. ಎಕ್ಸ್‌ಟೆಂಡೆಡ್ ವಾರಂಟಿ ಕೊಂಡಿದ್ದರೆ ಅದು ಕಾರು ಕಂಪನಿಯದೋ ಬೇರೆ ವಿಮಾ ಸಂಸ್ಥೆಯದೋ ನೋಡಿ. ವಿಮೆಯ ರೂಪದ್ದಾದರೆ ರಿಪೇರಿಗೆ ಕೈಹಾಕುವ ಮೊದಲೇ ಅವರ ಒಪ್ಪಿಗೆ ಬೇಕು ಎಂಬ ಷರತ್ತು ಸಾಮಾನ್ಯ. ಡೀಲರ್ ಆತುರದಲ್ಲಿ ಭಾಗ ಬಿಚ್ಚಿಬಿಟ್ಟರೆ ಕ್ಲೇಮು ಅಲ್ಲೇ ಬಿದ್ದುಹೋಗಬಹುದು.

ಅದೇ ಹೊತ್ತಿಗೆ ಚಾಸಿ ನಂಬರ್ ಹಾಕಿ ನಿಮ್ಮ ಕಾರಿಗೆ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ಮರಳಿ ಕರೆಸುವುದು, ಇದೆಯೇ ನೋಡಿ. ಸುರಕ್ಷತೆಯ ರೀಕಾಲ್ ಕೆಲಸ ಸಾಮಾನ್ಯವಾಗಿ ವಾರಂಟಿ ಮುಗಿದಿದ್ದರೂ ಉಚಿತ. ರೀಕಾಲ್ ಅಲ್ಲದೆ ಕಂಪನಿಗಳು ಡೀಲರ್‌ಗಳಿಗೆ ತಾಂತ್ರಿಕ ಬುಲೆಟಿನ್‌ಗಳನ್ನೂ ಕಳಿಸುತ್ತಿರುತ್ತವೆ: ಇಂಥ ಮಾಡೆಲ್ಲಿನಲ್ಲಿ ಇಂಥ ಲಕ್ಷಣ ಕಂಡರೆ ಇಂಥ ಭಾಗ ಬದಲಿಸಿ ಎಂದು. "ಈ ಲಕ್ಷಣಕ್ಕೆ ಬುಲೆಟಿನ್ ಇದೆಯೇ, ದಯವಿಟ್ಟು ಹುಡುಕಿ" ಎಂದು ಕೇಳಿ. ಇದ್ದರೆ ಡೀಲರಿಗೂ ಹಾದಿ ಸಲೀಸು, ಏಕೆಂದರೆ ದೋಷ ಇದೆ ಎಂದು ಕಂಪನಿಯೇ ಬರೆದುಕೊಟ್ಟಂತೆ.

ಲಕ್ಷಣ ದಾಖಲಿಸುವುದು

ಡೀಲರ್ ಬಳಿ ಹೋದಾಗ ಶಬ್ದ ಬರುವುದಿಲ್ಲ, ದೀಪ ಉರಿಯುವುದಿಲ್ಲ. ಇದು ಎಲ್ಲರ ಗೋಳು. ಯಾವಾಗಲೋ ಒಮ್ಮೆ ಬಂದುಹೋಗುವ ದೋಷವನ್ನು ನೀವೇ ಹಿಡಿದಿಟ್ಟುಕೊಳ್ಳಬೇಕು. ಪ್ರತಿ ಸಲ ಬಂದಾಗಲೂ ಫೋನಿನಲ್ಲಿ ಒಂದು ಸಾಲು ಬರೆಯಿರಿ: ದಿನಾಂಕ, ಸಮಯ, ಮೀಟರ್ ಓದು, ವೇಗ, ಗೇರು, ಎಂಜಿನ್ ಬಿಸಿಯೋ ತಣ್ಣಗೋ, ಎಸಿ ಹಾಕಿತ್ತೋ ಇಲ್ಲವೋ, ಮಳೆಯೋ ಬಿಸಿಲೋ, ಬ್ರೇಕ್ ಒತ್ತಿದಾಗಲೋ ತಿರುಗಿಸಿದಾಗಲೋ. ಹತ್ತು ಸಾಲು ಆಗುವಷ್ಟರಲ್ಲಿ ಒಂದು ಕ್ರಮ ತಾನಾಗಿ ಕಾಣುತ್ತದೆ. ಎಡಕ್ಕೆ ತಿರುಗಿಸಿದಾಗ ಮಾತ್ರ ಗುಂಯ್‌ಗುಡುವ ಶಬ್ದ ಹೆಚ್ಚಾಗುತ್ತದೆ ಎಂದು ನಿಮ್ಮ ಪಟ್ಟಿ ತೋರಿಸಿದರೆ ಮೆಕ್ಯಾನಿಕ್ ನೇರವಾಗಿ ಬಲಗಡೆಯ ವೀಲ್ ಬೇರಿಂಗ್‌ಗೆ ಕೈಹಾಕಬಲ್ಲ, ಏಕೆಂದರೆ ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆ ಬೀಳುತ್ತದೆ.

ವಿಡಿಯೊ ಮಾಡುವಾಗ ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಎಚ್ಚರಿಕೆ ದೀಪ, ಮೀಟರ್ ಓದು, ಕಾರಿನ ನಂಬರ್ ಪ್ಲೇಟ್ ಮೂರೂ ಅದರಲ್ಲಿರಲಿ. ಕಾರು ಓಡುತ್ತಿದ್ದರೆ ಪಕ್ಕದಲ್ಲಿ ಕೂತವರು ತೆಗೆಯಲಿ.

ಚೆಕ್ ಎಂಜಿನ್ ದೀಪ ಬಂದಿದ್ದರೆ ಒಂದು ವಿಷಯದಲ್ಲಿ ತುಂಬ ಎಚ್ಚರ ಬೇಕು: ಡೀಲರ್ ನೋಡುವ ಮೊದಲು ಕೋಡ್ ಅಳಿಸಬೇಡಿ, ಬ್ಯಾಟರಿ ತಂತಿ ಬಿಚ್ಚಬೇಡಿ. ದೋಷದ ಕೋಡ್ ದಾಖಲಾದಾಗ ಎಂಜಿನ್ನಿನ ಕಂಪ್ಯೂಟರ್ ಆ ಗಳಿಗೆಯ ಚಿತ್ರವನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಕೂಲೆಂಟ್ ಎಷ್ಟು ಬಿಸಿಯಿತ್ತು, ವೇಗ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಕೋಡ್ ಪಿ0301 ಎಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬರೀ ಕೋಡ್ ಇದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಜೆಕ್ಟರ್ ಮೂರರಲ್ಲಿ ಯಾವುದೂ ಆಗಬಹುದು. ಕೂಲೆಂಟ್ 20 ಡಿಗ್ರಿ, ಸ್ಟಾರ್ಟ್ ಆಗಿ ಹದಿನೈದು ಸೆಕೆಂಡ್ ಎಂದು ಫ್ರೀಜ್ ಫ್ರೇಮಿನಲ್ಲಿದ್ದರೆ, ಕಾರನ್ನು ರಾತ್ರಿಯಿಡೀ ತಣ್ಣಗೆ ನಿಲ್ಲಿಸಿ ನೋಡಬೇಕು ಎಂದು ಟೆಕ್ನಿಷಿಯನ್‌ಗೆ ತಿಳಿಯುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ದೀಪ ತಾನಾಗಿ ಆರಿದೆ ಎಂದು ಕೈಬಿಡಬೇಡಿ: ಸತತ ಮೂರು ಓಟಗಳಲ್ಲಿ ದೋಷ ಮರಳದಿದ್ದರೆ ದೀಪ ಆರುತ್ತದೆ, ಆದರೆ ಕೋಡ್ ಸುಮಾರು 40 ಸಲ ಎಂಜಿನ್ ಬಿಸಿಯಾಗಿ ತಣಿಯುವವರೆಗೆ ಒಳಗೆ ಉಳಿದಿರುತ್ತದೆ. ಕೋಡ್ ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಒಂದನ್ನು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಕೋಡೂ ಫ್ರೀಜ್ ಫ್ರೇಮೂ ಫೋನಿನಲ್ಲಿ ಕಾಣುತ್ತವೆ. ಸ್ಕ್ರೀನ್‌ಶಾಟ್ ತೆಗೆದು, ಸ್ಕ್ಯಾನರ್ ಕಳಚಿ, ಸುಮ್ಮನಿರಿ.

ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಬಾಯಿಮಾತಿಗೆ ಬೆಲೆಯೇ ಇಲ್ಲ, ಅಳತೆಯೇ ಬೇಕು. ಕೆಲವು ಕಂಪನಿಗಳು 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಸಹಜ ಎಂದು ಪುಸ್ತಕದಲ್ಲೇ ಬರೆಯುತ್ತವೆ. ನಿಮ್ಮ ಕಾರಿನ ಮಿತಿ ಎಷ್ಟು ನೋಡಿ. ಆಮೇಲೆ ಡೀಲರ್ ಮುಂದೆಯೇ ಆಯಿಲ್ ಮೇಲಿನ ಗೆರೆಗೆ ತುಂಬಿಸಿ, ಅಡಿಯ ಡ್ರೈನ್ ಬೋಲ್ಟಿಗೂ ಮೇಲಿನ ಮುಚ್ಚಳಕ್ಕೂ ಬಣ್ಣದ ಗುರುತು ಹಾಕಿಸಿ, 1,000 ಕಿ.ಮೀ. ಓಡಿಸಿ ಅದೇ ಸಮತಟ್ಟಾದ ಜಾಗಕ್ಕೆ ಮರಳಿ. ಎಂಜಿನ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಕೆಳಗಿಳಿಯುವ ಮೊದಲೇ ನೋಡಿದರೆ ಕಡಿಮೆ ತೋರುತ್ತದೆ. ಮತ್ತೆ ಮೇಲಿನ ಗೆರೆಗೆ ತರಲು ಎಷ್ಟು ಮಿಲಿಲೀಟರ್ ಹಿಡಿಯಿತು ಎಂಬುದೇ ನಿಮ್ಮ ಲೆಕ್ಕ. ಅದು ಜಾಬ್ ಕಾರ್ಡಿನಲ್ಲಿ, ಅಂದರೆ ಕಾರು ಬಿಡುವಾಗ ಡೀಲರ್ ದೂರು ಬರೆದುಕೊಳ್ಳುವ ಕಾಗದದಲ್ಲಿ, ದಾಖಲಾಗಬೇಕು. ನಡುವೆ ಮಟ್ಟ ಕೆಳಗಿನ ಗೆರೆ ಮುಟ್ಟಿದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಡೀಲರಿಗೆ ತಿಳಿಸಿ ಅಳತೆ ಮಾಡಿಯೇ ತುಂಬಿಸಿ. ಆಯಿಲ್ ಕಡಿಮೆ ಇಟ್ಟು ಓಡಿಸಿ ಎಂಜಿನ್ ಹಾಳಾದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಜಾಬ್ ಕಾರ್ಡ್

ಎಲ್ಲ ಕಾಗದಗಳಿಗಿಂತ ಇದು ದೊಡ್ಡದು. ಕಂಪನಿಗೆ ಹೋಗುವ ಕ್ಲೇಮಿನಲ್ಲಿ ಮೂರು ಸಂಗತಿ ಬೇಕು: ಗ್ರಾಹಕರ ದೂರು ಏನು, ಕಾರಣ ಏನು ಸಿಕ್ಕಿತು, ಏನು ಮಾಡಿ ಸರಿಪಡಿಸಲಾಯಿತು. ಮೊದಲನೆಯದನ್ನು ಬರೆಸುವುದು ನೀವು. ಅದು ಸಡಿಲವಾದರೆ ಉಳಿದೆರಡು ನಿಲ್ಲುವುದಿಲ್ಲ.

ಅಡ್ವೈಸರ್ ಆತುರದಲ್ಲಿ ಬರೆಯುವುದು ಹೀಗೆ: "ಎಂಜಿನ್ ಶಬ್ದ, ಚೆಕ್ ಮಾಡಿ." ಕಾರು ಮೆಕ್ಯಾನಿಕ್ ಕೈಗೆ ಸಿಗುವಾಗ ಎಂಜಿನ್ ಬಿಸಿಯಾಗಿರುತ್ತದೆ. ಆತ ಸ್ಟಾರ್ಟ್ ಮಾಡುತ್ತಾನೆ, ಶಬ್ದ ಇಲ್ಲ, "ದೋಷ ಕಂಡುಬಂದಿಲ್ಲ" ಎಂದು ಬರೆಯುತ್ತಾನೆ. ಅದೇ ದೂರನ್ನು ಹೀಗೆ ಬರೆಸಿ ನೋಡಿ: "ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಮುಂಭಾಗದಿಂದ 3–4 ಸೆಕೆಂಡ್ ಸರಪಳಿ ಅಲುಗಿದಂಥ ಶಬ್ದ. ಆಮೇಲೆ ನಿಲ್ಲುತ್ತದೆ. ಬಿಸಿ ಎಂಜಿನ್ನಿನಲ್ಲಿ ಬರುವುದಿಲ್ಲ. ಒಂದು ತಿಂಗಳಿಂದ, ವಾರಕ್ಕೆ ನಾಲ್ಕೈದು ಸಲ. ವಿಡಿಯೊ ಇದೆ. ಮೀಟರ್ 31,240 ಕಿ.ಮೀ." ಇದನ್ನು ಓದಿದ ಟೆಕ್ನಿಷಿಯನ್ ಕಾರನ್ನು ರಾತ್ರಿ ಅಲ್ಲೇ ಉಳಿಸಿಕೊಂಡು ಬೆಳಿಗ್ಗೆ ಕಿವಿಗೊಡುತ್ತಾನೆ. ನಿಂತ ಕಾರಿನಲ್ಲಿ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರಿನಿಂದ ಆಯಿಲ್ ಇಳಿದುಹೋಗುತ್ತಿದೆಯೇ, ಚೈನ್ ಸಡಿಲವಾಗಿದೆಯೇ ಎಂದು ಎಲ್ಲಿ ಹುಡುಕಬೇಕೋ ಅಲ್ಲೇ ಹುಡುಕುತ್ತಾನೆ.

ಲಕ್ಷಣ ಬರೆಸಿ, ಚಿಕಿತ್ಸೆ ಬರೆಸಬೇಡಿ. "ಟರ್ಬೊ ಬದಲಿಸಿ" ಎಂದು ಬರೆಸಿದರೆ ಅವರು ಟರ್ಬೊ ಮಾತ್ರ ನೋಡಿ ಚೆನ್ನಾಗಿದೆ ಎನ್ನುತ್ತಾರೆ, ಪೈಪಿನ ಬಿರುಕು ಹಾಗೇ ಉಳಿಯುತ್ತದೆ. ಪ್ರತಿ ದೂರೂ ಬೇರೆ ಬೇರೆ ಸಾಲಾಗಿರಲಿ. ಎರಡನೇ ಸಲ ಅದೇ ದೋಷಕ್ಕೆ ಹೋದರೆ "ಹಿಂದಿನ ಜಾಬ್ ಕಾರ್ಡ್ ನಂಬರ್ ಇಂಥದ್ದು, ಅದೇ ದೂರು ಮರುಕಳಿಸಿದೆ" ಎಂದು ಸೇರಿಸಿ. ಕೆಲವು ದೇಶಗಳ ಕಾನೂನಿನಲ್ಲಿ ಒಂದೇ ದೋಷಕ್ಕೆ ಎಷ್ಟು ಸಲ ಹೋದಿರಿ, ಕಾರು ಎಷ್ಟು ದಿನ ಅಲ್ಲೇ ನಿಂತಿತ್ತು ಎಂಬುದರ ಮೇಲೆಯೇ ಕಾರು ಬದಲಿಸಿ ಕೊಡಬೇಕೋ ಬೇಡವೋ ತೀರ್ಮಾನವಾಗುತ್ತದೆ. ಆದ್ದರಿಂದ ಒಳಗೆ ಬಿಟ್ಟ ದಿನ, ಹೊರಗೆ ಪಡೆದ ದಿನ, ಮೀಟರ್ ಓದು ಮೂರೂ ಇರಲೇಬೇಕು. "ಸುಮ್ಮನೆ ನೋಡಿಬಿಡ್ತೀವಿ, ಜಾಬ್ ಕಾರ್ಡ್ ಬೇಡ" ಎಂದರೆ ಒಪ್ಪಬೇಡಿ. ಕಾರ್ಡ್ ಇಲ್ಲದ ಭೇಟಿ ನಡೆದೇ ಇಲ್ಲ ಎಂದು ಲೆಕ್ಕ.

ವಾರಂಟಿ ಮುಗಿಯಲು ಕೆಲವೇ ವಾರ ಇದ್ದಾಗ ಇದು ಇನ್ನೂ ಮುಖ್ಯ. ಮುಗಿಯುವ ಮೊದಲೇ ದೂರು ದಾಖಲಾಗಿದ್ದರೆ, ಭಾಗ ಬರುವುದು ತಡವಾಗಿ ರಿಪೇರಿ ಆಮೇಲೆ ಆದರೂ ವಾದಿಸಲು ನೆಲ ಗಟ್ಟಿ ಇರುತ್ತದೆ. ಅನುಮಾನ ಇರುವುದನ್ನೆಲ್ಲ ಕೊನೆಯ ತಿಂಗಳಲ್ಲಿ ಒಮ್ಮೆ ಕೂತು ಬರೆಸಿಬಿಡಿ.

ಸಹಿ ಹಾಕುವ ಮೊದಲು ಪರೀಕ್ಷೆಯ ಶುಲ್ಕದ ಮಾತು ಮುಗಿಸಿ. ದೋಷ ವಾರಂಟಿಯೊಳಗೆ ಬಂದರೆ ಶುಲ್ಕವಿಲ್ಲ, ಬಾರದಿದ್ದರೆ ಇಷ್ಟರ ಮೇಲೆ ದಾಟಬಾರದು, ಎಂಜಿನ್ ಅಥವಾ ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಕೇಳಲೇಬೇಕು. ಈ ಮೂರನ್ನು ಕಾರ್ಡಿನ ಮೇಲೆಯೇ ಬರೆಸಿ. ಬಿಚ್ಚಿ ಹರವಿದ ಎಂಜಿನ್ ಮುಂದೆ ನಿಂತು ಚೌಕಾಸಿ ಮಾಡುವ ಸ್ಥಿತಿ ಯಾರಿಗೂ ಬರಬಾರದು.

ಅವರು ಹೇಳುವ ಕಾರಣಗಳು, ನೀವು ನೋಡಬೇಕಾದ ಗುರುತುಗಳು

"ಇದು ಸವೆಯುವ ಭಾಗ." ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್, ಫಿಲ್ಟರ್‌ಗಳು ಸಹಜವಾಗಿ ಸವೆದರೆ ವಾರಂಟಿ ಇಲ್ಲ, ಅದು ನ್ಯಾಯವೇ. ಆದರೆ ಸವೆಯುವ ಭಾಗವೂ ತಯಾರಿಕೆಯ ದೋಷದಿಂದ ಹಾಳಾಗಬಹುದು. ಕ್ಲಚ್ಚನ್ನೇ ತೆಗೆದುಕೊಳ್ಳಿ. ಬಿಚ್ಚಿದ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ಲೈನಿಂಗ್ ಎರಡೂ ಬದಿ ಸಮನಾಗಿ ಸವೆದು ರಿವೆಟ್ ಮಟ್ಟಕ್ಕೆ ಬಂದಿದೆ, ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಬಣ್ಣದ ಸುಟ್ಟ ಕಲೆಗಳಿವೆ ಎಂದರೆ ಪೆಡಲ್ ಮೇಲೆ ಕಾಲಿಟ್ಟು ಓಡಿಸಿದ ಗುರುತು. ಅಲ್ಲಿ ಡೀಲರ್ ಹೇಳುವುದು ಸರಿ. ಲೈನಿಂಗ್ ಇನ್ನೂ ದಪ್ಪವಾಗಿದ್ದು ನಡುವಿನ ಸ್ಪ್ರಿಂಗ್ ಮುರಿದಿದ್ದರೆ, ಡಯಾಫ್ರಮ್ ಸ್ಪ್ರಿಂಗಿನ ಬೆರಳಿನಂಥ ಪಟ್ಟಿ ಮುರಿದಿದ್ದರೆ, ಅಥವಾ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಲೈನಿಂಗ್ ಆಯಿಲ್‌ನಲ್ಲಿ ನೆನೆದಿದ್ದರೆ ಅದು ಸವೆತವಲ್ಲ. ಆಗ ಪ್ಲೇಟಿನ ದಪ್ಪವನ್ನು ಅಳೆದು ಬರೆಸಿ, ಮುರಿದ ಜಾಗದ ಫೋಟೊ ತೆಗೆಯಿರಿ. ಸೋರಿದ ಸೀಲ್ ವಾರಂಟಿಯಲ್ಲಿದ್ದರೆ ಅದರಿಂದ ಹಾಳಾದ ಕ್ಲಚ್ಚನ್ನೂ ಸೇರಿಸಿ ಕೇಳಿ.

"ಹೊರಗಿನ ಪೆಟ್ಟು." ಎಸಿ ತಂಪಾಗುತ್ತಿಲ್ಲ ಎಂದು ಹೋದಾಗ ಈ ಮಾತು ಬರುವುದು ಜಾಸ್ತಿ. ಗ್ಯಾಸ್ ತುಂಬಿಸಿ ಬಿಲ್ ಕೊಟ್ಟು ಕಳಿಸುತ್ತಾರೆ. ಎರಡು ತಿಂಗಳಲ್ಲಿ ಮತ್ತೆ ಬಿಸಿಗಾಳಿ. ಎಸಿಯ ಗ್ಯಾಸು ಉರಿದು ಖರ್ಚಾಗುವ ವಸ್ತುವಲ್ಲ. ಅಷ್ಟು ಬೇಗ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಹೊಳೆಯುವ ಬಣ್ಣ ಹಾಕಿ ನೇರಳಾತೀತ ದೀಪದಲ್ಲಿ ನೋಡಿ, ಅಥವಾ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಪರೀಕ್ಷಿಸಿ ಎಂದು ಕೇಳಿ. ಸೋರಿಕೆ ಮುಂದಿನ ಕಂಡೆನ್ಸರಿನಲ್ಲಿ ಸಿಕ್ಕರೆ ಜಾಗ ಗಮನಿಸಿ. ಕಲ್ಲು ಬಡಿದಿದ್ದರೆ ತೆಳು ರೆಕ್ಕೆಗಳು ಒಂದೆಡೆ ಒಳಗೆ ಬಾಗಿ, ಕೊಳವೆಯ ಮೇಲೆ ತಗ್ಗು ಬಿದ್ದಿರುತ್ತದೆ. ಬದಿಯಲ್ಲಿ, ಕೊಳವೆಗಳು ಬೆಸೆದುಕೊಳ್ಳುವ ಕೊನೆಯಲ್ಲಿ ಎಣ್ಣೆಯ ಜಿಡ್ಡು ಧೂಳು ಹಿಡಿದು ಕಪ್ಪಾಗಿದ್ದು, ಸುತ್ತಲಿನ ರೆಕ್ಕೆಗಳು ನೆಟ್ಟಗಿದ್ದರೆ ಬೆಸುಗೆಯೇ ಸೋರುತ್ತಿದೆ ಎಂದು. ಎರಡನೆಯದು ತಯಾರಿಕೆಯ ದೋಷ. ಬಂಪರ್ ಬಿಚ್ಚಿದ ಹೊತ್ತಿನಲ್ಲಿ, ಒರೆಸಿ ತೊಳೆಯುವ ಮೊದಲು ಹತ್ತಿರದಿಂದ ನಾಲ್ಕು ಫೋಟೊ ತೆಗೆದುಕೊಂಡರೆ ಈ ವಾದ ಅಲ್ಲಿಗೇ ಮುಗಿಯುತ್ತದೆ.

"ಸರ್ವಿಸ್ ಹೊರಗೆ ಮಾಡಿಸಿದ್ದೀರಿ" ಅಥವಾ "ಒಂದು ಸರ್ವಿಸ್ ತಪ್ಪಿದೆ." ಮುಖ್ಯ ಪ್ರಶ್ನೆ ಒಂದೇ: ತಪ್ಪಿದ ಕೆಲಸಕ್ಕೂ ಈಗ ಹಾಳಾದ ಭಾಗಕ್ಕೂ ಸಂಬಂಧ ಇದೆಯೇ? ಆಯಿಲ್ ಬದಲಿಸದೆ ಟರ್ಬೊ ಬೇರಿಂಗ್ ಹೋದರೆ ಸಂಬಂಧ ಇದೆ. ಪವರ್ ವಿಂಡೋ ಮೋಟರ್ ಸುಟ್ಟರೆ ಇಲ್ಲ. ಹೊರಗೆ ಮಾಡಿಸಿದ ಸರ್ವಿಸಿನ ಬಿಲ್ಲಿನಲ್ಲಿ ದಿನಾಂಕ, ಮೀಟರ್ ಓದು, ಆಯಿಲ್‌ನ ಗ್ರೇಡು, ಎಷ್ಟು ಲೀಟರ್, ಫಿಲ್ಟರಿನ ಪಾರ್ಟ್ ನಂಬರ್ ಇದ್ದರೆ ಅದು ಬಲವಾದ ದಾಖಲೆ. ಪುಸ್ತಕ 5ಡಬ್ಲ್ಯು-30 ಎಂದು ಹೇಳಿರುವಾಗ ಬಿಲ್ಲಿನಲ್ಲಿ ಬರೀ "ಎಂಜಿನ್ ಆಯಿಲ್" ಎಂದಿದ್ದರೆ ದುರ್ಬಲ. ನೀವೇ ಬದಲಿಸುವವರಾದರೆ ಕೊಂಡ ಬಿಲ್ಲು, ಡಬ್ಬಿಯ ಮೇಲಿನ ಗ್ರೇಡು ಮತ್ತು ಮೀಟರ್ ಕಾಣುವ ಫೋಟೊ ಇಡಿ.

"ಹೊರಗಿನ ಸಾಮಾನು ಹಾಕಿಸಿದ್ದೀರಿ." ಇಲ್ಲೂ ಸಂಬಂಧದ ಪ್ರಶ್ನೆಯೇ. ಸೀಟ್ ಕವರ್‌ಗೂ ಗೇರ್‌ಬಾಕ್ಸಿಗೂ ಏನೂ ಇಲ್ಲ. ಆದರೆ ಹೆಚ್ಚುವರಿ ದೀಪಕ್ಕೋ ಮ್ಯೂಸಿಕ್ ಸಿಸ್ಟಮ್‌ಗೋ ಕಾರಿನ ಮೂಲ ವೈರಿಂಗ್ ಕತ್ತರಿಸಿ ಜೋಡಿಸಿದ್ದರೆ, ಅದೇ ಸರ್ಕಿಟ್ಟಿನ ದೋಷಕ್ಕೆ ನಿರಾಕರಣೆ ಬಂದಾಗ ವಾದಿಸುವುದು ಬಹಳ ಕಷ್ಟ. ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸಿದ್ದರೆ ಎಂಜಿನ್, ಟರ್ಬೊ, ಕ್ಲಚ್, ಗೇರ್‌ಬಾಕ್ಸ್‌ಗಳ ಆಸೆ ಬಿಡುವುದು ಒಳ್ಳೆಯದು. ಮೂಲ ಸಾಫ್ಟ್‌ವೇರ್ ಮರಳಿ ಹಾಕಿದರೂ ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಹಲವು ಕಾರುಗಳಲ್ಲಿ ಉಳಿಯುತ್ತದೆ.

"ಕಲಬೆರಕೆ ಇಂಧನ." ಇಂಜೆಕ್ಟರ್ ಅಥವಾ ಹೈ ಪ್ರೆಷರ್ ಪಂಪ್ ಹೋದಾಗ ಕೇಳಿಬರುವ ಮಾತು. ಹೀಗೆ ಹೇಳುವವರು ತೋರಿಸಲೂ ಬೇಕು. ನಿಮ್ಮ ಎದುರಿನಲ್ಲೇ ಟ್ಯಾಂಕಿನಿಂದ ಸ್ವಚ್ಛವಾದ ಎರಡು ಬಾಟಲಿಗೆ ಮಾದರಿ ತೆಗೆಸಿ, ಎರಡಕ್ಕೂ ಇಬ್ಬರ ಸಹಿಯಿರುವ ಚೀಟಿ ಅಂಟಿಸಿ ಸೀಲ್ ಮಾಡಿಸಿ, ಒಂದನ್ನು ನೀವು ಪಡೆಯಿರಿ. ಪ್ರಯೋಗಾಲಯದ ವರದಿ ಬರುವವರೆಗೆ ಟ್ಯಾಂಕ್ ಖಾಲಿ ಮಾಡಲು ಬಿಡಬೇಡಿ. ಕೊನೆಯ ನಾಲ್ಕೈದು ಸಲ ಇಂಧನ ತುಂಬಿಸಿದ ರಸೀದಿ ಇದ್ದರೆ ಜೊತೆಗಿಡಿ.

"ಈ ಮಾಡೆಲ್ಲಿನಲ್ಲಿ ಇದು ಮಾಮೂಲು." ಹಾಗಿದ್ದರೆ ಷೋರೂಂನಲ್ಲಿರುವ ಅದೇ ಮಾಡೆಲ್ಲಿನ ಇನ್ನೊಂದು ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ ನೋಡೋಣ ಎಂದು ಸಮಾಧಾನವಾಗಿ ಕೇಳಿ, ಟೆಕ್ನಿಷಿಯನ್ ಪಕ್ಕದಲ್ಲಿರಲಿ. ಎರಡೂ ಒಂದೇ ಥರ ಇದ್ದರೆ ನಿಮ್ಮ ವಾದ ಬಿದ್ದಂತೆ, ಒಪ್ಪಿಕೊಳ್ಳಿ. ಬೇರೆಯಾಗಿದ್ದರೆ ಆ ಹೋಲಿಕೆಯನ್ನೇ ಜಾಬ್ ಕಾರ್ಡಿಗೆ ಸೇರಿಸಿ. ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಮಾತ್ರ ನೆನಪಿಡಿ: ಮೇಲ್ಭಾಗದಲ್ಲಿ ತೆಳುವಾಗಿ ಎಣ್ಣೆಯ ಪಸೆ ಕಂಡರೆ ಅದು ನಿಜಕ್ಕೂ ಸಹಜ; ಎಣ್ಣೆ ಹರಿದು ಕೆಳಗಿನವರೆಗೆ ಒದ್ದೆಯಾಗಿದ್ದರೆ ಸೋರಿಕೆ.

ಇಲ್ಲ ಎಂದರೆ, ಬರವಣಿಗೆಯಲ್ಲಿ

ಬಾಯಿಮಾತಿನ "ಇಲ್ಲ"ಕ್ಕೆ ವಿರುದ್ಧ ಮೇಲ್ಮನವಿ ಹೋಗಲಾಗದು. ಅದೇ ದಿನ ಡೀಲರ್‌ನ ಸರ್ವಿಸ್ ಮ್ಯಾನೇಜರಿಗೆ ಇಮೇಲ್ ಕಳಿಸಿ. ಹೆಚ್ಚು ಬರೆಯಬೇಕಿಲ್ಲ:

"ಚಾಸಿ ನಂಬರ್ ..., ಜಾಬ್ ಕಾರ್ಡ್ ನಂಬರ್ ..., ದಿನಾಂಕ ... ಕಾರು ... ಕಿ.ಮೀ. ಓಡಿದ್ದಾಗ ನಿಮ್ಮಲ್ಲಿಗೆ ಬಂದಿದೆ. ವಾರಂಟಿ ... ರವರೆಗೆ ಇದೆ. ಈ ದೋಷಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಇಂದು ತಿಳಿಸಿದ್ದೀರಿ. ದಯವಿಟ್ಟು ಇವಿಷ್ಟನ್ನು ಬರೆದು ಕೊಡಿ: ಹಾಳಾದ ಭಾಗದ ಹೆಸರು ಮತ್ತು ನಂಬರ್, ಹಾಳಾಗಲು ನೀವು ಕಂಡ ಕಾರಣ, ಅದನ್ನು ತೋರಿಸುವ ಫೋಟೊ ಅಥವಾ ಅಳತೆ, ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ನಿರಾಕರಣೆ, ಈ ತೀರ್ಮಾನ ನಿಮ್ಮದೋ ಕಂಪನಿಯದೋ. ಕಳಚಿದ ಭಾಗವನ್ನು ಹಾಗೇ ಇಟ್ಟಿರಬೇಕಾಗಿ ಕೋರುತ್ತೇನೆ."

ಕೊನೆಯ ಪ್ರಶ್ನೆ ಮುಖ್ಯ. ಎಷ್ಟೋ ಪ್ರಕರಣಗಳಲ್ಲಿ ಡೀಲರ್ ಕಂಪನಿಯನ್ನು ಕೇಳಿಯೇ ಇರುವುದಿಲ್ಲ. ಬರೆದು ಕೊಡಬೇಕು ಎಂದಾಗ ಕೇಳುತ್ತಾರೆ, ಒಪ್ಪಿಗೆಯೂ ಬರುತ್ತದೆ.

ಬರದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಅಡ್ವೈಸರ್ ಆದಮೇಲೆ ಸರ್ವಿಸ್ ಮ್ಯಾನೇಜರ್, ಆಮೇಲೆ ಡೀಲರ್‌ಶಿಪ್‌ನ ಮಾಲೀಕರು ಅಥವಾ ಜನರಲ್ ಮ್ಯಾನೇಜರ್. ಅಲ್ಲೂ ಆಗದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದು ದೂರಿನ ನಂಬರ್ ಪಡೆಯಿರಿ, ಕಂಪನಿಯ ಪ್ರಾದೇಶಿಕ ಸರ್ವಿಸ್ ಅಧಿಕಾರಿ ಬಂದು ಕಾರನ್ನು ನೋಡಲಿ ಎಂದು ಕೇಳಿ. ವಾರಂಟಿಯಲ್ಲಿ ಸ್ವಂತ ಅಧಿಕಾರದಿಂದ "ಆಯಿತು" ಎನ್ನಬಲ್ಲವರು ಸಾಮಾನ್ಯವಾಗಿ ಅವರು. ಅವರು ಬರುವ ದಿನ ನೀವೂ ಅಲ್ಲಿರಿ. ಲಕ್ಷಣಗಳ ಪಟ್ಟಿ, ವಿಡಿಯೊ, ಸರ್ವಿಸ್ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲ್ ಮಾಡಿ ಕೈಗೆ ಕೊಡಿ. ಪ್ರತಿ ಫೋನ್ ಕರೆಯ ನಂತರ "ಇಂದು ಮಾತಾಡಿದ್ದು ಇಷ್ಟು" ಎಂದು ಎರಡು ಸಾಲಿನ ಇಮೇಲ್ ಹಾಕಿದರೆ ಅದೇ ದಾಖಲೆಯಾಗುತ್ತದೆ. ಉತ್ತರಕ್ಕೆ ಗಡುವು ಕೊಡಿ. ಏಳು ಅಥವಾ ಹತ್ತು ದಿನ ನ್ಯಾಯವಾದದ್ದು.

ಅದೇ ಕಂಪನಿಯ ಇನ್ನೊಬ್ಬ ಡೀಲರ್ ಹತ್ತಿರ ಹೋಗಲು ಹಿಂಜರಿಯಬೇಡಿ. ವಾರಂಟಿ ಕಂಪನಿಯದಾದ್ದರಿಂದ ಕಾರು ಕೊಂಡ ಜಾಗದಲ್ಲೇ ರಿಪೇರಿ ಆಗಬೇಕೆಂದಿಲ್ಲ. ಪತ್ತೆ ಹಚ್ಚುವುದರಲ್ಲಿ ಪಳಗಿದ ಒಬ್ಬ ಟೆಕ್ನಿಷಿಯನ್ ಅಲ್ಲಿದ್ದರೆ ತಿಂಗಳುಗಟ್ಟಲೆ ಸಿಗದ ದೋಷ ಅರ್ಧ ದಿನದಲ್ಲಿ ಸಿಗಬಹುದು. ಮೊದಲಿನವರು ಬಿಚ್ಚಿದ ಸ್ಥಿತಿಯಲ್ಲಿ ಮಾತ್ರ ಕಾರನ್ನು ಸಾಗಿಸಬೇಡಿ. ಹಾಳಾದದ್ದು ಹೇಗೆ ಎಂಬ ಗುರುತು ಅಲ್ಲೇ ಕಳೆದುಹೋಗುತ್ತದೆ. ದೊಡ್ಡ ಮೊತ್ತದ ವಿಷಯವಾದರೆ ಸ್ವತಂತ್ರ ಎಂಜಿನಿಯರ್ ಅಥವಾ ಸರ್ವೇಯರ್ ಒಬ್ಬರ ವರದಿ ಮಾಡಿಸಿ, ಅದೂ ರಿಪೇರಿಗೆ ಮೊದಲೇ. ಕೈಯಿಂದ ಹಣ ಕೊಟ್ಟು ರಿಪೇರಿ ಮಾಡಿಸದೆ ಗತಿಯಿಲ್ಲ ಎಂದಾದರೆ ಬಿಲ್ಲಿನ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿಸಿದೆ" ಎಂದು ಬರೆದು ಸಹಿ ಮಾಡಿ, ಹಳೆಯ ಭಾಗವನ್ನು ಮನೆಗೆ ತನ್ನಿ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ತನ್ನದೇ ಹೆಸರಿನ ಬಿಡಿಭಾಗ ಅಥವಾ ಸರ್ವಿಸನ್ನೇ ದುಡ್ಡು ಕೊಟ್ಟು ಬಳಸಬೇಕು ಎಂದು ಕಂಪನಿ ವಾರಂಟಿಗೆ ಷರತ್ತು ಹಾಕುವಂತಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಕಂಪನಿಯ ವಾರಂಟಿ ಏನೇ ಇರಲಿ, ಹೊಸ ವಸ್ತುವಿನ ದೋಷಕ್ಕೆ ಮಾರಿದವರು ಕನಿಷ್ಠ ಎರಡು ವರ್ಷ ಹೊಣೆ. ಅಲ್ಲಿ ಡೀಲರನ್ನೇ ನೇರವಾಗಿ ಹಿಡಿಯಬಹುದು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಂಪನಿ ಮತ್ತು ಡೀಲರ್ ಇಬ್ಬರನ್ನೂ ಪ್ರತಿವಾದಿ ಮಾಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಎಲ್ಲಿಯೇ ಆದರೂ ದೂರಿನ ಜೊತೆ ಹೋಗುವುದು ಅದೇ ಜಾಬ್ ಕಾರ್ಡುಗಳು, ಅದೇ ಬರೆದುಕೊಟ್ಟ ನಿರಾಕರಣೆ.

ವಾರಂಟಿ ಮುಗಿದು ಸ್ವಲ್ಪವೇ ದಿನವಾಗಿದ್ದರೆ

ಹಕ್ಕಿಲ್ಲ, ಆದರೆ ಕೇಳಲು ಅಡ್ಡಿಯಿಲ್ಲ. ಇದಕ್ಕೆ ಗುಡ್‌ವಿಲ್ ಎನ್ನುತ್ತಾರೆ. ಬಿಡಿಭಾಗದ ಬೆಲೆ ಕಂಪನಿಯದು, ಕೂಲಿ ನಿಮ್ಮದು ಎಂಬಂತೆ ಪಾಲು ಮಾಡಿಕೊಳ್ಳುವುದು ಸಾಮಾನ್ಯ. ಅಧಿಕೃತ ಸರ್ವಿಸ್ ದಾಖಲೆ ಒಂದೂ ತಪ್ಪದೆ ಇದ್ದರೆ, ವಾರಂಟಿ ಇದ್ದಾಗಲೇ ಇದೇ ಲಕ್ಷಣ ಹೇಳಿದ್ದ ಜಾಬ್ ಕಾರ್ಡ್ ಇದ್ದರೆ, ಅದೇ ದೋಷಕ್ಕೆ ಬುಲೆಟಿನ್ ಬಂದಿದ್ದರೆ ಸಾಧ್ಯತೆ ಹೆಚ್ಚು. ರಿಪೇರಿಗೆ ಮೊದಲೇ ಕೇಳಬೇಕು. ಹಣ ಕಟ್ಟಿದ ಮೇಲೆ ಹಿಂದಿರುಗಿಸುವುದು ಬಲು ಕಡಿಮೆ. ಇಲ್ಲಿ ಸಿಟ್ಟು ಕೆಲಸ ಕೆಡಿಸುತ್ತದೆ. ಡೀಲರ್ ನಿಮ್ಮ ಪರವಾಗಿ ಕಂಪನಿಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಾಗಿರುತ್ತದೆ.

ಕಾರು ಮರಳಿ ಪಡೆಯುವಾಗ

ಹಣ ಕಟ್ಟಲು ಇಲ್ಲದಿದ್ದರೂ ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ವಾರಂಟಿ ಕೆಲಸ ಎಂಬ ನಮೂದು, ನಿಮ್ಮ ದೂರು, ಸಿಕ್ಕ ಕಾರಣ, ಹಾಕಿದ ಭಾಗದ ನಂಬರ್ ನಾಲ್ಕೂ ಇರಲಿ. ಸಾಫ್ಟ್‌ವೇರ್ ಮಾತ್ರ ಅಪ್‌ಡೇಟ್ ಮಾಡಿದ್ದರೆ ಅದರ ಆವೃತ್ತಿಯ ಸಂಖ್ಯೆಯನ್ನೂ ಬರೆಸಿ. ವಾರಂಟಿಯಲ್ಲಿ ಬದಲಿಸಿದ ಹಳೆಯ ಭಾಗ ನಿಮಗೆ ಸಿಗುವುದಿಲ್ಲ, ಕಂಪನಿ ಪರಿಶೀಲಿಸಲೆಂದು ಡೀಲರ್ ಇಟ್ಟುಕೊಳ್ಳಬೇಕು. ನೋಡಲು, ಫೋಟೊ ತೆಗೆಯಲು ಮಾತ್ರ ಕೇಳಬಹುದು. ಹೊಸ ಭಾಗಕ್ಕೆ ಪ್ರತ್ಯೇಕ ವಾರಂಟಿಯೋ, ಅಥವಾ ಕಾರಿನ ವಾರಂಟಿ ಮುಗಿದಾಗ ಅದರದೂ ಮುಗಿಯುತ್ತದೋ ಎಂದು ಕೇಳಿ ತಿಳಿದುಕೊಳ್ಳಿ, ಎರಡೂ ಪದ್ಧತಿ ಇವೆ.

ಆಮೇಲೆ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೋಷ ಕಾಣಿಸುತ್ತಿದ್ದ ಅದೇ ಸ್ಥಿತಿಯಲ್ಲಿ ಓಡಿಸಿ. ತಣ್ಣನೆಯ ಎಂಜಿನ್ನಿನ ದೋಷವಾಗಿದ್ದರೆ ಸಂಜೆ ಕಾರು ತರಬೇಡಿ. ಬೆಳಿಗ್ಗೆ ಹೋಗಿ, ಅವರು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ, ತಣ್ಣಗಿದ್ದರೆ ನೀವೇ ಕೀಲಿ ತಿರುಗಿಸಿ. ಕೆಲವು ವಾರಗಳಲ್ಲಿ ಅದೇ ಶಬ್ದ ಮತ್ತೆ ಬಂದರೆ ಹಳೆಯ ಜಾಬ್ ಕಾರ್ಡ್ ಎದುರಿಗಿಟ್ಟುಕೊಂಡು, ದೂರನ್ನು ಅಕ್ಷರ ಬದಲಿಸದೆ ಅದೇ ಮಾತುಗಳಲ್ಲಿ ಬರೆಸಿ. ಬೇರೆ ಮಾತಿನಲ್ಲಿ ಬರೆದರೆ ಅದು ಹೊಸ ದೂರಾಗಿ ಕೂತು, ಎಣಿಕೆ ಮೊದಲಿನಿಂದ ಶುರುವಾಗಬಹುದು.